ಇನ್ನು ನಲವತ್ತು ಮೀಟರ್

ಹೋದ ಭಾನುವಾರ ಬೆಳಿಗ್ಗೆ ಬಟ್ಟೆ ಒಣಹಾಕಲು ಬಾಲ್ಕನಿಗೆ ಹೋದಾಗ ಒದ್ದೆ ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಬೋಗಾದಿಯ ನಮ್ಮ ಬಡಾವಣೆಯಲ್ಲಿ ಯಾರೂ ಇನ್ನೂ ಮನೆ ಕಟ್ಟದ ನಾಲ್ಕು ಸೈಟುಗಳಿವೆ. ಅಲ್ಲಿ ಮಕ್ಕಳ ಆಟೋಟ ಇಟ್ಟುಕೊಂಡಿದ್ದರು. ಬಡಾವಣೆ ಸಂಘದ ಕಾರ್ಯದರ್ಶಿ ಪಂಚೆ ಎತ್ತಿ ಕಟ್ಟಿಕೊಂಡು, ತೂತು ಕೊರೆದ ಡಬ್ಬದಿಂದ ಸುಣ್ಣದ ಪುಡಿ ಉದುರಿಸುತ್ತಾ ಓಟದ ಗೆರೆ ಎಳೆಯುತ್ತಿದ್ದರು. ಬೆಳಗಿನ ಹೊತ್ತಿಗೆ ನಾಲ್ಕು ಹನಿ ಬಿದ್ದಿತ್ತು. ಪುಡಿ ಬಿದ್ದ ಕಡೆಯೇ ಕಲಸಿದ ಹಿಟ್ಟಿನ ಹಾಗೆ ಮಣ್ಣಿಗೆ ಅಂಟಿಕೊಳ್ಳುತ್ತಿತ್ತು. ಬೇರೆಯವರಿಗೆ ಆ ವಾಸನೆಯಿಂದ ಹಬ್ಬದ ಮುಂಚೆ ಗೋಡೆಗೆ ಬಳಿಯುವ ಸುಣ್ಣ ನೆನಪಾಗಬಹುದು. ನನಗೆ ನೆನಪಾಗುವುದು ನಮ್ಮ ಡ್ರಿಲ್ ಮೇಷ್ಟ್ರು.

ತೀರಿಹೋದವರ ಬಗ್ಗೆ ಬರೆಯುವಾಗ ಮೊದಲು ನಾಲ್ಕು ಒಳ್ಳೆಯ ಮಾತು ಹೇಳುವುದು ವಾಡಿಕೆ. ಹೇಳುತ್ತೇನೆ, ಅದಕ್ಕೇನಂತೆ. ಒಂದು ದಿನವೂ ತಡವಾಗಿ ಬಂದವರಲ್ಲ. ಬಿಳಿ ಪ್ಯಾಂಟು, ಬಿಳಿ ಟೀ ಶರ್ಟು, ಕ್ಯಾನ್ವಾಸ್ ಶೂಗೆ ಕೂಡ ಬಿಳಿ ಬಳಿದಿರುತ್ತಿದ್ದರು. ರಿಲೇಯಲ್ಲಿ ನಮ್ಮ ಶಾಲೆಯ ಹುಡುಗಿಯರು ಗೆದ್ದಾಗ ಮೈದಾನದ ಮಧ್ಯೆ ನಿಂತು ಮಗುವಿನ ಹಾಗೆ ಅತ್ತಿದ್ದರು. ಅಲ್ಲಿಗೆ ಒಳ್ಳೆಯದು ಮುಗಿಯಿತು.

ಶಾಲೆ ಇದ್ದದ್ದು ಲಕ್ಷ್ಮೀಪುರಂನಲ್ಲಿ. ಮೈದಾನ ಚಿಕ್ಕದು, ಎರಡು ಸುತ್ತು ಹಾಕಿದರೆ ನಾನೂರು ಮೀಟರ್. ಮೇಷ್ಟ್ರು ಸುಣ್ಣದ ಗೆರೆಯನ್ನು ಎಷ್ಟು ನೀಟಾಗಿ ಎಳೆಸುತ್ತಿದ್ದರೋ ಅಷ್ಟೇ ಸಲೀಸಾಗಿ ಅದನ್ನು ಮರೆತುಬಿಡುತ್ತಿದ್ದರು. ಓಟ ಮುಗಿಯುವ ಜಾಗದಲ್ಲಿ ವಿಷಲ್ ಕಚ್ಚಿಕೊಂಡು ನಿಲ್ಲುವರು. ಓಡುತ್ತಿದ್ದವರು ಹತ್ತಿರ ಬಂದರೆ ಮುಖ ನಮ್ಮ ಕಡೆಗೇ ಇಟ್ಟುಕೊಂಡು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಹಾಕುವರು. "ಇನ್ನ ನಲವತ್ತೇ ಮೀಟ್ರು, ಬಾ ಬಾ ಬಾ!" ಅವರು ಎಲ್ಲಿ ನಿಂತು ವಿಷಲ್ ಊದಿದರೋ ಅಲ್ಲಿ ಓಟ ಮುಗಿದ ಲೆಕ್ಕ. ಗೆರೆ ಕಂಡರೆ ಕಾಲಿಗೆ ಸೋಮಾರಿತನ ಬರುತ್ತದೆ ಅನ್ನುವುದು ಅವರ ಸಿದ್ಧಾಂತ. ಚೆನ್ನಾಗಿ ಓಡುವವರಿಗೆ ಹತ್ತು ಹೆಜ್ಜೆ ಹಿಂದೆ ಸರಿದು ಊದಿಬಿಡುತ್ತಿದ್ದರು. ನನ್ನ ಹತ್ತಿರ ಅವರು ಬೇರೆಯೇ ಮನುಷ್ಯ.

ನಾನು ದಪ್ಪ. ಆಗಲೂ ದಪ್ಪ, ಈಗಲೂ ದಪ್ಪ. ಮೇಷ್ಟ್ರು ಹಾಜರಿ ಕೂಗುವಾಗ ಮಾತ್ರ ನನಗೊಂದು ಹೆಸರಿರುತ್ತಿತ್ತು. ಮೈದಾನದಲ್ಲಿ ನಾನು "ಮೂಟೆ". "ಲೇ ಮೂಟೆ, ಏಳು, ಯಾರಾದ್ರೂ ಹಮಾಲಿಗಳನ್ನ ಕರೀಬೇಕೇನು?" ಅನ್ನುತ್ತಿದ್ದರು. ನಲವತ್ತು ಮಕ್ಕಳು ಗೊಳ್ಳೆಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ... ನಗದಿದ್ದರೆ ಇನ್ನೂ ಹೆಚ್ಚು ನಗುತ್ತಾರೆ ಅಂತ ಗೊತ್ತಿತ್ತು.

ಎಂಟನೇ ಕ್ಲಾಸಿನಲ್ಲಿ ಒಂದು ದಿನ ನಾನೂರು ಮೀಟರ್ ಓಡಿಸಿದರು. ಎಲ್ಲರೂ ಮುಗಿಸಿ ನೆರಳಿಗೆ ಹೋಗಿ ಕೂತರು. ನಾನೊಬ್ಬಳೇ ಉಳಿದೆ. ಗೆರೆ ಹತ್ತಿರ ಬಂದೆ, ಮೇಷ್ಟ್ರು ನೀರಿನ ತೊಟ್ಟಿಯವರೆಗೆ ಹಿಂದೆ ಸರಿದರು. ತೊಟ್ಟಿಯ ಹತ್ತಿರ ಬಂದೆ, ಬಾವುಟದ ಕಂಬದವರೆಗೆ ಹೋದರು. ಅಲ್ಲಿಂದ ಗೇಟು, ಗೇಟಿನಿಂದ ಮತ್ತೆ ಮೈದಾನಕ್ಕೆ ತಿರುಗಿ ಅದೇ ಗೆರೆ. "ಇನ್ನ ನಲವತ್ತೇ ಮೀಟ್ರು ಕಣಮ್ಮಿ!" ಆ ಗೆರೆಯ ಮೇಲೆ ನನ್ನ ಮಂಡಿ ಕುಸಿಯಿತು. ಬಿದ್ದೆ. ಬಿದ್ದ ಜಾಗದಲ್ಲೇ ನೀಲಿ ಸ್ಕರ್ಟು ಒದ್ದೆಯಾಯಿತು. ಕೆಳಗಿದ್ದ ಸುಣ್ಣ ಕಲಸಿಹೋಯಿತು. ಅವತ್ತು ನನ್ನ ಮೂಗು ಆ ಗೆರೆಯ ಮೇಲೇ ಇತ್ತು. ಮೇಷ್ಟ್ರು ಹತ್ತಿರ ಬಂದು ನೋಡಿ, ವಿಷಲ್ ಬಾಯಿಂದ ತೆಗೆದು, ನೆರಳಲ್ಲಿ ಕೂತವರಿಗೆ ಹೇಳಿದರು: "ಗೆರೆ ಅಳಿಸ್ಬುಟ್ಳು ನೋಡ್ರೋ!"

ವಿಷಲ್ ಅವತ್ತು ಊದಲೇ ಇಲ್ಲ. ಲೆಕ್ಕದ ಪ್ರಕಾರ ನನ್ನ ಆ ಓಟ ಇವತ್ತಿಗೂ ಮುಗಿದಿಲ್ಲ.

ವಿಧಿಗೆ ತಮಾಷೆ ಜಾಸ್ತಿ ಇರಬೇಕು. ಓದು ಮುಗಿಸಿದ ನನಗೆ ಕೆಲಸ ಸಿಕ್ಕಿದ್ದು ಹೂಟಗಳ್ಳಿಯಲ್ಲಿ, ಎರಡು ಫ್ಯಾಕ್ಟರಿಗಳ ನಡುವೆ ಒಂದು ಮಹಡಿ ಬಾಡಿಗೆ ಹಿಡಿದಿದ್ದ ಚಿಕ್ಕ ಕಂಪನಿಯಲ್ಲಿ. ವ್ಯಾಯಾಮದ ಆಪ್ ಮಾಡುವ ಕಂಪನಿ. ಅದರಲ್ಲಿ ಗುರಿಗೆ ಸಂಬಂಧಪಟ್ಟ ಕೋಡು ಪೂರ್ತಿ ನನ್ನದು. ಗುರಿ ಅಂದರೆ ಏನು ಅಂತ ಕಂಪ್ಯೂಟರಿಗೆ ತಿಳಿಯುವ ಹಾಗೆ ಹೇಳಬೇಕಲ್ಲ, ಅದು ನನ್ನ ಕೆಲಸ. ನಾಲ್ಕು ಬಗೆ ಮಾಡಿದೆ. ಇಷ್ಟು ದೂರ, ಇಷ್ಟು ಹೊತ್ತು, ಇಷ್ಟು ಕ್ಯಾಲೊರಿ, ಇಲ್ಲವೇ ಗುರಿಯೇ ಇಲ್ಲದ ಸುಮ್ಮನೆ ನಡಿಗೆ. ಒಂದು ಸಲಕ್ಕೆ ಒಂದೇ ಬಗೆ. ಒಂದು ಬಗೆ, ಒಂದು ಸಂಖ್ಯೆ, ಅಷ್ಟೇ. ನಡೆಯಲು ಶುರು ಮಾಡಿದ ಮೇಲೆ ಆ ಸಂಖ್ಯೆಯನ್ನು ಯಾರೂ ಮುಟ್ಟಬಾರದು ಅಂತ ನಿಯಮ ಇಟ್ಟವಳೂ ನಾನೇ. ಯಾಕೆ ಅಷ್ಟು ಬಿಗಿ ಅಂತ ಮೀಟಿಂಗಿನಲ್ಲಿ ಕೇಳಿದರು. "ಇರ್ಲಿ ಬಿಡಿ, ಒಳ್ಳೇದು" ಅಂದೆ.

ಇನ್ನೊಂದು ಕೆಲಸವನ್ನೂ ಮಾಡಿದ್ದೆ. ನಮ್ಮ ಲೆಕ್ಕದಲ್ಲಿ ತಪ್ಪಿದ್ದು ಯಾರಾದರೂ ಗುರಿ ಮುಟ್ಟಿದ್ದು ದಾಖಲಾಗದೇ ಹೋಗಿದ್ದರೆ, ತಪ್ಪು ಸರಿಮಾಡಿದ ತಕ್ಷಣ ಆಪ್ ಅವರ ಹಳೆಯ ನಡಿಗೆಗಳನ್ನೆಲ್ಲ ಹೊಸದಾಗಿ ಲೆಕ್ಕ ಹಾಕಿ, ಬರಬೇಕಾಗಿದ್ದ ಶಾಭಾಸ್‌ಗಿರಿಯನ್ನು ಫೋನಿಗೆ ಕಳಿಸುತ್ತಿತ್ತು. ಒಬ್ಬರ ಬೆವರೂ ದಂಡವಾಗಬಾರದು ಅಂತ ನನ್ನ ಹಟ. ಶಾಭಾಸ್‌ಗಿರಿಗೆ ಸದ್ದು ಯಾವುದಿರಲಿ ಅಂತ ಕೇಳಿದಾಗ ಎಲ್ಲರೂ ಗಂಟೆ ಅಂದರು, ಚಪ್ಪಾಳೆ ಅಂದರು. ನಾನು ವಿಷಲ್ ಅಂದೆ. ಅದೇ ಆಯಿತು.

ಎರಡು ವರ್ಷದ ಹಿಂದೆ ನಮ್ಮ ಶಾಲೆಯ ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ಡ್ರಿಲ್ ಮೇಷ್ಟ್ರಿಗೆ ಸ್ಟ್ರೋಕ್ ಆಗಿದೆ, ಎಡಗಾಲು ಎಳೆಯುತ್ತದೆ, ನಡಿಗೆ ಅಭ್ಯಾಸ ಮಾಡಿಸಲು ಅವರ ಮಗಳು ಒಂದು ಆಪ್ ಹುಡುಕುತ್ತಿದ್ದಾರೆ. ಯಾರೋ ನನ್ನ ಹೆಸರು ಹಾಕಿದರು. ಶಾಲೆಗೆ ಐವತ್ತು ತುಂಬುವ ಆಟೋಟಕ್ಕೆ ನಾಲ್ಕು ತಿಂಗಳಿತ್ತು. ಅವತ್ತು ಜ್ಯೋತಿ ಹಿಡಿದು ಮೈದಾನ ಸುತ್ತಬೇಕಾದವರು ಮೇಷ್ಟ್ರೇ ಅಂತ ಎಲ್ಲರೂ ತೀರ್ಮಾನಿಸಿದ್ದರು.

ಅವರ ಮನೆಗೆ ಹೋದೆ. ಲಕ್ಷ್ಮೀಪುರಂನಲ್ಲೇ, ಸುತ್ತ ಕಾಂಪೌಂಡ್ ಇರುವ ಹಳೇ ಮನೆ. ಮಗಳಿಗೆ ನನಗಿಂತ ಐದಾರು ವರ್ಷ ಹೆಚ್ಚು. ಅಪ್ಪನನ್ನು ನೋಡಿಕೊಳ್ಳಲು ಅವರೊಬ್ಬರೇ. ಅಕ್ಕಾ ಅಂತಲೇ ಕರೆದೆ. ಬಚ್ಚಲಲ್ಲಿ ಅಪ್ಪ ಬಿದ್ದಾಗ ಎತ್ತಲು ಒದ್ದಾಡಿದ್ದನ್ನು ಹೇಳಿದರು. ಎಲ್ಲೂ ಕೂರದೆ ಒಂದೇ ಸಮ ನಾನೂರು ಮೀಟರ್ ನಡೆದರೆ ಮಾತ್ರ ಮೈದಾನಕ್ಕೆ ಕಳಿಸಿ ಅಂತ ವ್ಯಾಯಾಮ ಹೇಳಿಕೊಡುವ ಡಾಕ್ಟರು ಹೇಳಿದ್ದರಂತೆ. "ನಿಮ್ಮ ಆಪ್ ಆಯ್ತು ಅಂದ್ರೆ ಆಯ್ತು ಕಣಮ್ಮ. ಇವರ ಮಾತು ನಾನು ನಂಬಲ್ಲ, ಆಗದೇ ಇದ್ರೂ ಆಗುತ್ತೆ ಅಂತಾರೆ" ಅಂದರು ಅಕ್ಕ.

ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಬಾಯಿಯ ಒಂದು ಪಕ್ಕ ಸ್ವಲ್ಪ ಜಾರಿತ್ತು. ನನ್ನನ್ನು ನೋಡಿ ಮುಖ ಅರಳಿಸಿದರು. ಕ್ಷಮೆ ಕೇಳುತ್ತಾರೇನೋ, ಕನಿಷ್ಠ ನಾಚಿಕೊಳ್ಳುತ್ತಾರೇನೋ ಅಂತ ನಾನು ಕಾದೆ. ಮೂಟೆ ಅಂತ ಕರೆದಿದ್ದರೂ ಆಗುತ್ತಿತ್ತು, ಆಣೆ ಮಾಡಿ ಹೇಳುತ್ತೇನೆ, ಅಲ್ಲಿಗೇ ಎಲ್ಲ ಮುಗಿದುಹೋಗುತ್ತಿತ್ತು.

"ನೀನು ರಿಲೇ ಟೀಮಲ್ಲಿದ್ದೆ ಅಲ್ವಾಮ್ಮ? ಎಂಗೆ ಓಡ್ತಿದ್ದೆ ನೀನು, ಜಿಂಕೆ ಅಂಗೆ!" ಅಂದರು.

"ಹೌದು ಸಾರ್" ಅಂದೆ.

ಆ ಸುಣ್ಣ, ಆ ಸ್ಕರ್ಟು, ವರ್ಷಗಟ್ಟಲೆ ಕನ್ನಡಿ ಕಂಡರೆ ಮುಖ ತಿರುಗಿಸಿದ್ದು, ಇಷ್ಟನ್ನೂ ನನಗೆ ಕೊಟ್ಟು ತಾವು ಮಾತ್ರ ಮರೆತು ಕೂತಿದ್ದಾರೆ ಮಹಾನುಭಾವರು! ಅವರ ಫೋನಿಗೆ ಆಪ್ ಹಾಕಿದೆ. ಹಿರಿಯರಿಗೆ ಅಂತ ಮಾಡಿದ್ದ ಪರದೆಯನ್ನೇ ಆರಿಸಿದೆ. ಅದರಲ್ಲಿ ನಡೆದ ದೂರ ಕಾಣುವುದಿಲ್ಲ, ಒಂದು ಉಂಗುರ ಮತ್ತು ಇನ್ನೆಷ್ಟು ಬಾಕಿ ಅನ್ನುವುದು ಮಾತ್ರ ದೊಡ್ಡ ಅಕ್ಷರದಲ್ಲಿ ಬರುತ್ತದೆ. ಉಂಗುರ ತುಂಬಿ ಹಸಿರಾದರೆ ಗುರಿ ಮುಟ್ಟಿದ ಹಾಗೆ. ಗುರಿ, ದೂರ, ನಾನೂರು. ಅಕ್ಕ ಕಾಫಿ ಕೊಟ್ಟರು. ಕುಡಿದು ಬಂದೆ.

ಮಾರನೆಯ ದಿನ ಆಫೀಸಿನಲ್ಲಿ ಮೂರು ಸಾಲು ಬರೆದೆ. ನಡೆಯುತ್ತಿರುವವರು ಮೇಷ್ಟ್ರಾಗಿದ್ದು, ಬಾಕಿ ದೂರ ನಲವತ್ತು ಮೀಟರಿಗಿಂತ ಕಡಿಮೆಯಾದರೆ, ಬಾಕಿ ಮತ್ತೆ ನಲವತ್ತಾಗುವಷ್ಟು ಗುರಿಯನ್ನು ಮುಂದಕ್ಕೆ ತಳ್ಳು. ಅಷ್ಟೇ. ಯಾರೂ ಮುಟ್ಟಬಾರದು ಅಂತ ನಾನೇ ಹಾಕಿದ್ದ ಬೀಗಕ್ಕೆ ನಾನೇ ಕಳ್ಳ ಕೀಲಿ ಮಾಡಿದೆ. ಕೋಡು ಪರೀಕ್ಷೆ ಮಾಡುವ ಸಹೋದ್ಯೋಗಿ "ಏನ್ರೀ ಇದು?" ಅಂದ. "ಸ್ಟ್ರೋಕ್ ಆದವರಿಗೆ ವಿಶೇಷ ಪದ್ಧತಿ" ಅಂದೆ. ತಲೆಯಾಡಿಸಿ ಒಪ್ಪಿಗೆ ಕೊಟ್ಟ.

ಒಂದು ವಾರ ಆಡಿಸಿ ತೆಗೆದುಬಿಡೋಣ ಅಂದುಕೊಂಡಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ಬೆಳಗಿನ ಟೀ ಜೊತೆಗೆ ಅವರ ದಾಖಲೆ ತೆಗೆದು ನೋಡುವುದು ಚಟವಾಯಿತು. ಅವರಿಗೆ ಕಾಣದ್ದು ನನಗೆ ಕಾಣುತ್ತಿತ್ತು. ಮೊದಲ ದಿನ ಅರವತ್ತು ಮೀಟರ್. ಆಮೇಲೆ ತೊಂಬತ್ತು. ಒಂದೊಂದು ದಿನ ಏನೂ ಇಲ್ಲ, ಮಾರನೇ ದಿನ ನೂರೈವತ್ತು. ಎರಡೂವರೆ ತಿಂಗಳಿಗೆ ನಾನೂರು ದಾಟಿದರು. ಆಪ್ ಅವರಿಗೆ ಹೇಳಿತು, ಇನ್ನು ನಲವತ್ತು ಮೀಟರ್. ನಾನು ಬಿಸ್ಕತ್ತು ಅದ್ದಿಕೊಂಡು ತಿಂದೆ.

ಆ ದಿನವೇ ಮೇಷ್ಟ್ರ ಫೋನು ಬಂತು.

"ಬಿಡುವಾಗಿದ್ದೀಯೇನಮ್ಮ? ಒಂದು ಡೌಟು. ನಮ್ಮನೆ ಸುತ್ತ ಒಂದು ಸುತ್ತು ಹಾಕಿದ್ರೆ ಐವತ್ತು ಮೀಟ್ರು. ಕಾಲು ನೆಟ್ಟಗಿದ್ದಾಗ ಟೇಪ್ ಹಿಡಿದು ನಾನೇ ಅಳೆದಿರೋದು. ಇವತ್ತು ಎಂಟು ಸುತ್ತು ಹಾಕ್ಬುಟ್ಟೆ ಕಣಮ್ಮ, ಎಲ್ಲೂ ಕೂರ್ಲಿಲ್ಲ. ಫೋನು ಮಾತ್ರ ಇನ್ನೂ ನಲವತ್ತು ಅದೆ ಅಂತದೆ. ಯಾರ್ದು ಸರಿ?"

ದನಿಯಲ್ಲಿ ಪರೀಕ್ಷೆ ಬರೆದು ಬಂದ ಮಗುವಿನ ಆಸೆ ಇತ್ತು. ನನಗೆ ಕೇಳಿಸಲಿಲ್ಲ ಅಂತಲ್ಲ.

"ಫೋನು ಸರಿ ಸಾರ್. ಸ್ಟ್ರೋಕ್ ಆದ್ಮೇಲೆ ಎಣಿಕೆ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ" ಅಂದೆ.

"ಓ... ಅಂಗೋ. ಕಾಲು ಹೋಯ್ತು ಅಂದ್ಕೊಂಡಿದ್ದೆ, ತಲೇನೂ ಹೋಯ್ತು ಅನ್ನು. ಸರಿ ಬುಡಮ್ಮ, ಮಿಷನ್ನು ಯಾಕೆ ಸುಳ್ಳು ಹೇಳ್ತದೆ" ಅಂದು ಇಟ್ಟರು.

ಆಮೇಲೆ ಅವರು ಹುಣಸೆಬೀಜ ಇಟ್ಟುಕೊಂಡು ನಡೆಯಲು ಶುರು ಮಾಡಿದರಂತೆ. ಒಂದು ಸುತ್ತು ಮುಗಿದರೆ ಮೆಟ್ಟಿಲ ಮೇಲೆ ಒಂದು ಬೀಜ. ಎಂಟು ಬೀಜ ಆದರೂ ಉಂಗುರ ಹಸಿರಾಗುವುದಿಲ್ಲ. ನೀನೇ ಕಳ್ಳತನದಲ್ಲಿ ಬೀಜ ಸೇರಿಸ್ತಿದ್ದೀಯ ಅಂತ ಮಗಳ ಮೇಲೆ ಕೂಗಾಡಿದರಂತೆ. ಅಕ್ಕ ಅತ್ತುಕೊಂಡು ನನಗೆ ಫೋನ್ ಮಾಡಿದ್ದರು. "ಎಣಿಸೋಕೂ ಬರಲ್ಲ ಕಣಮ್ಮ ಇವರಿಗೆ ಈಗ. ಬೀಜ ಎಲ್ಲಾ ಎತ್ತಿ ತಿಪ್ಪೆಗೆ ಹಾಕಿದೆ." ಸಮಾಧಾನ ಮಾಡಿಕೊಳ್ಳಿ ಅಂದೆ. ಎಷ್ಟು ಚೆನ್ನಾಗಿ ಸಮಾಧಾನ ಮಾಡಿದೆ ಅಂದರೆ ಕೊನೆಗೆ ಅವರೇ ಥ್ಯಾಂಕ್ಸ್ ಹೇಳಿದರು.

ಆಟೋಟದ ದಿನ ನಾನು ಹೋಗಿದ್ದೆ. ಹೋಗಬೇಕು ಅನ್ನಿಸಿತು. ಮೈದಾನ ಹಾಗೇ ಇತ್ತು, ನೀರಿನ ತೊಟ್ಟಿ ಇರಲಿಲ್ಲ. ಆರೋಗ್ಯ ಸರಿಯಿಲ್ಲದ ಕಾರಣ ಮೇಷ್ಟ್ರು ಬಂದಿಲ್ಲ ಅಂತ ಮೈಕಿನಲ್ಲಿ ಹೇಳಿದರು. ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸೋದಾದ್ರೆ ನಾನು ಬರಲ್ಲ ಅಂದಿದ್ದರಂತೆ. ರಿಲೇಯ ಹಳೇ ಹುಡುಗಿಯೊಬ್ಬಳು ಜ್ಯೋತಿ ಹಿಡಿದು ಓಡಿದಳು. ಎಲ್ಲರ ಜೊತೆ ನಾನೂ ಚಪ್ಪಾಳೆ ಹೊಡೆದೆ.

ಅದೇ ಹೊತ್ತಿಗೆ ಮನೆಯಲ್ಲಿ ಏನಾಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಮೇಷ್ಟ್ರು ಆರು ಗಂಟೆಗೇ ಬಿಳಿ ಪ್ಯಾಂಟು, ಬಿಳಿ ಟೀ ಶರ್ಟು ಹಾಕಿ, ಶೂಗೆ ಬಿಳಿ ಬಳಿದು, ಕೊರಳಿಗೆ ವಿಷಲ್ ಹಾಕಿಕೊಂಡು ಮನೆ ಸುತ್ತತೊಡಗಿದ್ದರಂತೆ. ಒಂಬತ್ತಕ್ಕೆ ಮೆರವಣಿಗೆ, ಅದರೊಳಗೆ ಹಸಿರು ಬರಲೇಬೇಕು. ಹೇಳದೆ ಹೊರಟುಬಿಟ್ಟಾರು ಅಂತ ಅಕ್ಕ ಗೇಟಿಗೆ ಬೀಗ ಹಾಕಿದ್ದರು. ಅವತ್ತಿನ ದಾಖಲೆ ನನ್ನ ಹತ್ತಿರ ಇದೆ. ಆರುನೂರ ಎಂಬತ್ತು ಮೀಟರ್, ಕೂರದೆ. ಶಾಲೆಯ ಮೈದಾನವನ್ನು ಮೂರು ಸಲ ಸುತ್ತಿ ಇನ್ನೂ ಉಳಿಯುವಷ್ಟು. ಒಂಬತ್ತು ಹೊಡೆದ ಮೇಲೆ ಗೇಟಿನ ಕಂಬಿ ಹಿಡಿದು ನಿಂತು, ಆಮೇಲೆ ತಾವಾಗಿಯೇ ಒಳಗೆ ಹೋಗಿ ಮಲಗಿದರಂತೆ.

ಮತ್ತೆ ನಡೆಯಲಿಲ್ಲ. ಬೆಳಿಗ್ಗೆ ಟೀ ಜೊತೆ ತೆಗೆದರೆ ಸೊನ್ನೆ, ಮಾರನೇ ದಿನ ಸೊನ್ನೆ. ಮೂರು ತಿಂಗಳ ಸೊನ್ನೆ ನೋಡಿದೆ. ಆಮೇಲೆ ಇನ್ನೊಂದು ಸ್ಟ್ರೋಕ್ ಆಯಿತು, ಹೋದರು. ಹನ್ನೊಂದನೇ ದಿನದ ಊಟಕ್ಕೆ ಅಕ್ಕ ಕರೆದರು. ಎಲೆ ಮುಂದೆ ಕೂತಾಗ ಪಕ್ಕಕ್ಕೆ ಬಂದು ಹೇಳಿದರು: "ಬಂದೋರಿಗೆಲ್ಲಾ ನಿಮ್ಮ ಸುದ್ದೀನೇ ಹೇಳ್ತಿದ್ರು. ನನ್ನ ಸ್ಟೂಡೆಂಟು ಮಾಡಿರೋದು, ಅದು ಸುಳ್ಳು ಹೇಳಲ್ಲ, ನಾನೇ ಇನ್ನೂ ಮುಟ್ಟಿಲ್ಲ ಅಂತ." ಪಾಯಸ ಬಡಿಸಿದರು. ಬೇಡ ಅನ್ನಲಿಲ್ಲ, ತಿಂದೆ.

ನಾನು ಅಳಲಿಲ್ಲ. ಅವರು ಮಾಡಿದ್ದು ತಪ್ಪು ಅಂತ ಇವತ್ತಿಗೂ ಹೇಳುತ್ತೇನೆ. ಆದರೆ ಅವರು ಮಾಡುವಾಗ ನಾನು ಗಟ್ಟಿಯಾಗಲಿ ಅಂತ ಅಂದುಕೊಂಡಿದ್ದರೋ ಏನೋ... ನಾನು ಮಾಡುವಾಗ ಅಂಥ ನೆವ ಕೂಡ ನನ್ನ ಹತ್ತಿರ ಇರಲಿಲ್ಲ. ಬೇಕಂತಲೇ ಮಾಡಿದೆ, ಮಾಡಿ ಖುಷಿಪಟ್ಟೆ.

ಭಾನುವಾರ ಬಾಲ್ಕನಿಯಲ್ಲಿ ಆ ವಾಸನೆ ಕುಡಿದು ನಿಂತವಳಿಗೆ ಬಟ್ಟೆ ಹರವಲಾಗಲಿಲ್ಲ. ಕೆಳಗೆ ಗುಂಡುಗುಂಡಾದ ಹುಡುಗಿಯೊಬ್ಬಳು ಎಲ್ಲರಿಗಿಂತ ಹಿಂದೆ ಓಡಿ ಬಂದಳು. ಕಾರ್ಯದರ್ಶಿ ಗೆರೆ ಬಿಟ್ಟು ಕದಲದೆ ಅವಳಿಗೋಸ್ಕರ ಕಾದು ನಿಂತು ವಿಷಲ್ ಊದಿದರು. ಅವಳು ಎರಡೂ ಕೈ ಎತ್ತಿ ಕುಣಿದಳು. ನಾನು ಒಳಗೆ ಬಂದು ಲ್ಯಾಪ್‌ಟಾಪ್ ತೆಗೆದು ಆ ಮೂರು ಸಾಲು ಹುಡುಕಿದೆ. ಹಾಗೇ ಇದ್ದವು, ಇಲ್ಲದ ಮನುಷ್ಯನನ್ನು ಕಾಯುತ್ತಾ. ಅಳಿಸಿದೆ. ಬದಲಾವಣೆಯನ್ನು ಕಳಿಸಿದೆ. ಎದೆ ಮೇಲಿನ ಕಲ್ಲು ಇಳಿದ ಹಾಗಾಯಿತು. ಆ ಸುಖದಲ್ಲಿ ಒಂದನ್ನು ಮರೆತುಬಿಟ್ಟೆ. ಲೆಕ್ಕ ಸರಿಮಾಡಿದರೆ ಆಪ್ ಹಳೆಯದನ್ನೆಲ್ಲ ಕೆದಕಿ ನೋಡುತ್ತದೆ, ಹಾಗೆ ಮಾಡು ಅಂತ ಹೇಳಿಕೊಟ್ಟವಳು ನಾನೇ.

ಸಂಜೆ ಅಕ್ಕನ ಫೋನು ಬಂತು. ಗ್ಯಾಸು, ಬ್ಯಾಂಕು ಎಲ್ಲಾ ಅದೇ ನಂಬರಿಗೆ ಅಂತ ಅಪ್ಪನ ಫೋನನ್ನು ಅವರು ಇನ್ನೂ ಚಾರ್ಜ್ ಮಾಡಿ ಇಟ್ಟುಕೊಂಡಿದ್ದರು.

"ಅಮ್ಮಾ, ಅಪ್ಪನ ಫೋನು ವಿಷಲ್ ಹೊಡೀತು. ದೇವರ ಮುಂದೆ ದೀಪ ಹಚ್ತಾ ಇದ್ದೆ, ಜೀವಾನೇ ಹೋಯ್ತು. ಒಂದಲ್ಲ ಎರಡಲ್ಲ, ಹದಿನೇಳು ಸಲ. ಗುರಿ ಮುಟ್ಟಿದ್ದೀರಿ, ಗುರಿ ಮುಟ್ಟಿದ್ದೀರಿ ಅಂತ ಬಂದಿದೆ. ಪಕ್ಕದಲ್ಲಿ ತಾರೀಖೂ ಇದೆ. ಮೊದಲನೇದು ಆಟೋಟಕ್ಕೆ ಒಂದೂವರೆ ತಿಂಗಳು ಮುಂಚಿಂದು. ಅಂದ್ರೆ ಆ ಹುಣಸೆಬೀಜ ಸರಿಯಾಗಿತ್ತಾ? ನಾನು ಅವತ್ತು ಗೇಟಿಗೆ ಬೀಗ ಹಾಕಿದ್ನಲ್ಲಮ್ಮಾ... ಕಂಬಿ ಹಿಡ್ಕೊಂಡು ನಿಂತಿದ್ರು ಕಣಮ್ಮ. ಯಾವುದು ಸರಿ? ಅವಾಗ ಹೇಳಿದ್ದಾ, ಇವಾಗ ಬಂದಿರೋದಾ?"

ನಿಜ ಹೇಳಿದರೆ ಮೇಷ್ಟ್ರಿಗೆ ಅವರ ನಾನೂರು ಮೀಟರ್ ವಾಪಸ್ಸು ಬರುತ್ತಿತ್ತು. ಗೇಟಿನ ಬೀಗ ಮಾತ್ರ ಸಾಯುವವರೆಗೂ ಈ ಅಕ್ಕನ ಕುತ್ತಿಗೆಗೆ ಬೀಳುತ್ತಿತ್ತು. ಅವರಿಗೋಸ್ಕರ ಸುಳ್ಳು ಹೇಳಿದೆನೋ ನನಗೋಸ್ಕರವೋ, ಆ ಗಳಿಗೆಯಲ್ಲಿ ಯೋಚನೆ ಮಾಡಲಿಲ್ಲ.

"ಇವಾಗ ಬಂದಿರೋದು ತಪ್ಪು ಅಕ್ಕಾ. ಬೆಳಿಗ್ಗೆ ನಾನೇ ಕೋಡಲ್ಲಿ ಏನೋ ಕೈಯಾಡಿಸ್ದೆ, ಲೆಕ್ಕ ಎಲ್ಲಾ ಕೆಟ್ಟುಹೋಗಿದೆ. ಈಗಲೇ ಅಳಿಸ್ತೀನಿ."

"ಹಂಗಾದ್ರೆ ಅಪ್ಪ ಮುಟ್ಟಿರ್ಲಿಲ್ವಾ?"

"ಇಲ್ಲ ಅಕ್ಕಾ. ಇನ್ನೂ ನಲವತ್ತು ಮೀಟರ್ ಬಾಕಿ ಇತ್ತು."

"ಸದ್ಯ" ಅಂದರು ಅಕ್ಕ. "ಸದ್ಯ ಕಣಮ್ಮ... ಎಷ್ಟು ಹೆದರಿಬಿಟ್ಟಿದ್ದೆ ಗೊತ್ತಾ."

ಫೋನ್ ಇಟ್ಟು ಹದಿನೇಳನ್ನೂ ಒಂದೊಂದಾಗಿ ಅಳಿಸಿದೆ. ಮತ್ತೆ ವಿಷಲ್ ಹೊಡೆಯದ ಹಾಗೆ ಆ ಮೂರು ಸಾಲನ್ನು ಇದ್ದ ಜಾಗದಲ್ಲೇ ಬರೆದು ಹಾಕಿದೆ. ಕೆಳಗೆ ಆಟೋಟ ಮುಗಿದು ಶಾಮಿಯಾನ ಬಿಚ್ಚುತ್ತಿದ್ದರು. ಮಕ್ಕಳ ಕಾಲಿಗೆ ಸಿಕ್ಕಿ ಸುಣ್ಣದ ಗೆರೆ ಎಲ್ಲಿತ್ತು ಅನ್ನುವುದೇ ತಿಳಿಯುತ್ತಿರಲಿಲ್ಲ. ಮೇಷ್ಟ್ರು ನಡೆದಿದ್ದರು, ಹದಿನೇಳು ಸಲ ನಡೆದಿದ್ದರು. ಅದಕ್ಕೀಗ ಸಾಕ್ಷಿ ಅಂತ ಉಳಿದಿರುವವಳು ನಾನೊಬ್ಬಳೇ.